ಜ್ವರ ಬಂದ ಮಕ್ಕಳನ್ನು ಬಿಡುವ ಮನೆ

ಹೆಮ್ಮಾಡಿಯಲ್ಲಿ ಹೆದ್ದಾರಿಯಿಂದ ಒಳಗೆ ಹೋಗುವ ನಮ್ಮ ಓಣಿಯಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಮೊದಲು ಗೊತ್ತಾಗುತ್ತಿದ್ದದ್ದು ನನಗೆ. ಡಾಕ್ಟರಿಗೆ ಆಮೇಲೆ, ಶಾಲೆಗೆ ಅದಕ್ಕೂ ಆಮೇಲೆ. ಬೆಳಿಗ್ಗೆ ನಾನು ಹೊಲಿಗೆ ಯಂತ್ರದ ಹೊದಿಕೆ ತೆಗೆಯುವ ಹೊತ್ತಿಗೆ ಜಗಲಿಯಲ್ಲಿ ಒಂದು ಮಗು, ಒಂದು ನೀರಿನ ಬಾಟಲಿ, ಒಂದು ಸಿರಪ್ಪಿನ ಬಾಟಲಿ. ಬಿಟ್ಟು ಹೋದವರ ಬೆನ್ನು ಮಾತ್ರ ಗೇಟಿನ ಆಚೆ ಕಾಣಿಸುತ್ತಿತ್ತು.

ನಾನು ಟೈಲರ್. ರವಿಕೆ, ಚೂಡಿದಾರ, ಮೇ ತಿಂಗಳು ಬಂತೆಂದರೆ ಶಾಲೆಯ ಸಮವಸ್ತ್ರ. ಆಗ ಯಂತ್ರ ಇದ್ದದ್ದು ಮನೆಯ ಜಗಲಿಯಲ್ಲೇ. ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಕೆಲಸವೆಂದು ಒಪ್ಪುವವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ತುಳಿದು ಕಾಲು ಬಾತುಕೊಂಡರೂ ಅವರ ಕಣ್ಣಿಗೆ ನಾನು ಸುಮ್ಮನೆ ಕೂತವಳು. ಮದುವೆಯಾಗದವಳು ಎಂಬುದು ಅವರಿಗೆ ಇನ್ನೂ ಅನುಕೂಲವಾಯಿತು. ಬಡಿಸಲು ಗಂಡನಿಲ್ಲ, ಶಾಲೆಗೆ ಹೊರಡಿಸಲು ಮಕ್ಕಳಿಲ್ಲ, ಹಾಗಾದರೆ ಇವಳ ಹೊತ್ತು ಯಾರದ್ದು? ಓಣಿಯದ್ದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಡೆದುಕೊಂಡದ್ದು ಹಾಗೆಯೇ.

"ಅಕ್ಕ, ನೀವ್ ಹ್ಯಾಂಗೂ ಮನಿಯಗೇ ಇಪ್ಪುದಲ್ದಾ. ಒಂಚೂರ್ ಕಾಣಿ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅಕ್ಕ ಎಂದು ಕರೆದುಬಿಟ್ಟರೆ ಆಯಿತು, ಆಮೇಲೆ ಏನನ್ನು ಹೇರಿದರೂ ನಡೆಯುತ್ತದೆ ಎಂದು ತಿಳಿದವರು ಅವರು. ಕೆಂಗಣ್ಣು ಬಂದ ಒಬ್ಬ ಹುಡುಗ ಕಣ್ಣು ಉಜ್ಜಿದ ಕೈಯಲ್ಲೇ ಮದುಮಗಳ ರವಿಕೆಯ ಬಟ್ಟೆ ಹಿಡಿದು ನೋಡಿದ. ಸೀತಾಳೆ ಸಿಡುಬು ಒಣಗುತ್ತಿದ್ದ ಇನ್ನೊಬ್ಬ ನನ್ನ ಬಿಳಿ ಸಮವಸ್ತ್ರದ ರಾಶಿಯ ಪಕ್ಕ ಕೂತು ಹುರುಪೆ ಕಿತ್ತ. ಮಂಗನಬಾವು ಬಂದವಳೊಬ್ಬಳು ನನಗೂ ಅದನ್ನು ಅಂಟಿಸಿ ಹೋದಳು. ಈ ವಯಸ್ಸಿನಲ್ಲಿ ಕೆನ್ನೆ ಊದಿಸಿಕೊಂಡು ನಾನು ಮಲಗಿದಾಗ ಓಣಿಯವರು ಬಂದು ವಿಚಾರಿಸಿದ್ದು ಒಂದೇ, ಯಾವಾಗ ಏಳುತ್ತೀರಿ ಎಂದು. ಮಕ್ಕಳು ದೇವರ ಸಮಾನ ಎನ್ನುವವರು ಒಂದು ದಿನ ವಾಂತಿ ಬರುತ್ತಿರುವ ದೇವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಹೊಲಿಗೆ ಮಾಡಿ ನೋಡಲಿ.

ಇನ್ನು ಆ ಶಾಲೆ. ಓಣಿಯ ಮಕ್ಕಳೆಲ್ಲ ಹೋಗುತ್ತಿದ್ದದ್ದು ಒಂದೇ ಇಂಗ್ಲಿಷ್ ಮೀಡಿಯಂ ಶಾಲೆಗೆ, ಒಂದೇ ಓಮ್ನಿ ವ್ಯಾನಿನಲ್ಲಿ, ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು. ಮಳೆಗಾಲ ಶುರುವಾದ ಕೂಡಲೇ ಶಾಲೆಯಿಂದ ತಾಯಂದಿರ ಮೊಬೈಲಿಗೆ ಸಂದೇಶ ಬರುತ್ತಿತ್ತು: ಜ್ವರ ಇರುವ ಮಕ್ಕಳನ್ನು ದಯವಿಟ್ಟು ಕಳಿಸಬೇಡಿ. ಕೆಳಗೆ ಕೈಮುಗಿದ ಚಿತ್ರ. ಅದೇ ಶಾಲೆ ಡಿಸೆಂಬರಿನಲ್ಲಿ ಸ್ಕೂಲ್ ಡೇ ಮಾಡಿ, ಜೂನಿನಿಂದ ಒಂದು ದಿನವೂ ತಪ್ಪಿಸದ ಮಗುವನ್ನು ತಾಯಿಯ ಸಮೇತ ವೇದಿಕೆಗೆ ಕರೆದು ಬಹುಮಾನ ಕೊಡುತ್ತಿತ್ತು. ಕೈಮುಗಿದದ್ದು ನಿಜವೋ, ಚಪ್ಪಾಳೆ ತಟ್ಟಿಸಿದ್ದು ನಿಜವೋ ಎಂದು ಯಾರೂ ಕೇಳಲಿಲ್ಲ. ಮಳೆ ಜೋರಾದರೆ ರಜೆ ಕೊಡಲು ಜಿಲ್ಲಾಧಿಕಾರಿಗಳಿದ್ದಾರೆ. ಮಗುವಿನ ಜ್ವರ ಜೋರಾದರೆ ತಾಯಿಗೆ ರಜೆ ಕೊಡುವವರು ಯಾರೂ ಇಲ್ಲ, ಆದ್ದರಿಂದ ಆ ರಜೆಯನ್ನು ಎಲ್ಲರೂ ನನ್ನ ಜಗಲಿಯಿಂದ ಕಿತ್ತುಕೊಳ್ಳುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಸಲ ಬಂದವಳು ಪಕ್ಕದ ಮನೆಯ ಹುಡುಗಿ. ಒಂದನೇ ಕ್ಲಾಸಿನಿಂದಲೂ ಬರುತ್ತಿದ್ದಳು. ಅಪ್ಪ ಮುಂಬೈಯಲ್ಲಿ ಯಾವುದೋ ಕ್ಯಾಂಟೀನಿನಲ್ಲಿ. ರಾತ್ರಿ ವಿಡಿಯೋ ಕಾಲಿನಲ್ಲಿ ಮಗಳ ಬಿದ್ದ ಹಲ್ಲು ಎಣಿಸಿ ಅಪ್ಪನ ಕೆಲಸ ಮುಗಿಸುವವನು. ತಾಯಿ ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಈ ಹುಡುಗಿಯಂಥ ಗೋಳಿನ ಮಗುವನ್ನು ನಾನು ಕಂಡಿಲ್ಲ. ಜ್ವರ ಬಂದರೆ ಸುಮ್ಮನೆ ಮಲಗುವ ಜಾತಿಯದಲ್ಲ.

"ದೊಡ್ಡಮ್ಮ, ತಲಿ ನೋಯ್ತ್. ದೊಡ್ಡಮ್ಮ, ಕಾಲೂ ನೋಯ್ತ್. ಗಂಜಿ ಬ್ಯಾಡ. ಗಂಜಿಗೆ ಬೆಲ್ಲ ಹಾಕಿರೆ ಉಣ್ತೆ. ಫ್ಯಾನ್ ಹಾಕಿ. ಚಳಿ ಆತ್ತ್, ಫ್ಯಾನ್ ತೆಗಿರಿ."

ಯಂತ್ರದ ಸದ್ದಿಗಿಂತ ಮೇಲೆ ಕೇಳುವ ಸ್ವರ. ಸಂಜೆ ತಾಯಿ ಬಂದು ಬಾಗಿಲಲ್ಲಿ ನಿಂತಾಗ ಇದೇ ಪಟ್ಟಿಯನ್ನು ಮತ್ತೆ ಮೊದಲಿನಿಂದ ಒಪ್ಪಿಸುತ್ತಿದ್ದಳು. ನಾನು ಬೈದರೂ ಕದಲುತ್ತಿರಲಿಲ್ಲ. ಕತ್ತರಿಸಿ ಉಳಿದ ತುಂಡು ಬಟ್ಟೆಗಳನ್ನು ತಲೆಯಡಿಗೆ ಇಟ್ಟುಕೊಂಡು, ಬಾಯಿ ಮುಚ್ಚದೆ, ಯಂತ್ರದ ಕಾಲ ಬುಡದಲ್ಲೇ ಮಲಗುತ್ತಿದ್ದಳು.

ಈ ಹುಡುಗಿ ಮೂರನೇ ಕ್ಲಾಸಿಗೆ ಹೋದ ವರ್ಷ, ಮಳೆಗಾಲಕ್ಕೆ ಶಾಲೆ ತೆರೆದ ವಾರವೇ, ಬ್ರಹ್ಮಾವರದಲ್ಲಿ ಒಂದು ಕೋಣೆ ಖಾಲಿಯಾಗುತ್ತದೆಂದು ಗೊತ್ತಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ, ರಸ್ತೆಗೆ ಮುಖವಿದ್ದ ಕೋಣೆ. ನನಗೆ ಬೇಕಿದ್ದದ್ದು ಅದೇ: ಒಂದು ಶಟರು, ಮೇಲೊಂದು ಬೋರ್ಡು, ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಹಾಕುವ ಜಾಗ. ಅಂಗಡಿಯಲ್ಲಿ ಕೂತವಳನ್ನು ಯಾರೂ ಸುಮ್ಮನೆ ಕೂತವಳು ಅನ್ನುವುದಿಲ್ಲ. ಕೋಣೆಯ ಯಜಮಾನರು ಖಡಾಖಂಡಿತ ಹೇಳಿದರು:

"ಬುಧವಾರ ಮಧ್ಯಾಹ್ನದೊಳ್ಗೆ ಬಂದ್ ಬೀಗದಕೈ ತಕಣಿ. ಇಲ್ದಿರೆ ಜ್ಯೂಸಿನಂಗ್ಡಿಯವ್ರ್ ಕಾಯ್ತಾ ಇದ್ರ್. ಮತ್ತೆ ನನ್ನ ದೂರ್‍ಬೇಡಿ."

ಬುಧವಾರ ಬೆಳಿಗ್ಗೆ ನಾನು ಸೀರೆ ಉಟ್ಟು, ಚೀಲ ಹಿಡಿದು ಬಾಗಿಲು ತೆಗೆದರೆ ಜಗಲಿಯಲ್ಲಿ ಆ ಹುಡುಗಿ. ಶಾಲೆಯ ಸಮವಸ್ತ್ರದಲ್ಲೇ ಇದ್ದಳು. ವ್ಯಾನು ಹತ್ತಿಸುವ ಮೊದಲು ಹಣೆ ಮುಟ್ಟಿ ನೋಡಿ ಇಲ್ಲಿಗೆ ತಿರುಗಿಸಿದ್ದು ಎಂದು ಕಾಣುತ್ತಿತ್ತು. ತಾಯಿ ಆಗಲೇ ಗೇಟು ದಾಟಿದ್ದಳು.

"ಹ್ವಾಯ್, ಇವತ್ತ್ ಆತಿಲ್ಲೆ. ನಾನ್ ಬ್ರಹ್ಮಾವರಕ್ಕ್ ಹೋಪುದಿತ್ತ್," ಎಂದು ಕೂಗಿದೆ.

"ಬಸ್ ಬಂತ್ ಅಕ್ಕ, ಇವತ್ತ್ ಒಂದಿನ," ಎಂದವಳು ಓಡಿಯೇ ಬಿಟ್ಟಳು. ಹಿಂದಿರುಗಿ ನೋಡಿದರೆ ನನ್ನ ಸೀರೆ, ಚೀಲ ಎಲ್ಲ ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ನೋಡಲಿಲ್ಲ.

ಫೋನು ಮಾಡಿದೆ. ಎತ್ತಲಿಲ್ಲ. ಅಂಗಡಿಯಲ್ಲಿ ಕೆಲಸದ ಹೊತ್ತಿಗೆ ಫೋನು ಪೆಟ್ಟಿಗೆಯಲ್ಲಿ ಇಡಬೇಕಂತೆ. ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ಹಗಲು ಜನವಿಲ್ಲ. ಇದ್ದಿದ್ದರೆ ನನಗೆ ಈ ಗತಿ ಯಾಕೆ ಬರುತ್ತಿತ್ತು? ಹುಡುಗಿಯ ಕೈ ಹಿಡಿದು, ಬಾಗಿಲಿಗೆ ಬೀಗ ಹಾಕಿ, ಹೆದ್ದಾರಿಗೆ ಬಂದು ದಕ್ಷಿಣದ ಬಸ್ಸು ಹತ್ತಿದೆ. ಬ್ರಹ್ಮಾವರಕ್ಕೆ ಹೋಗುವ ಬಸ್ಸು ಕುಂದಾಪುರದ ಮೇಲೆಯೇ ಹೋಗಬೇಕು. ಯಾರ ಮಗುವೋ ಅವರಿಗೆ ಕೊಟ್ಟು ಮುಂದಕ್ಕೆ ಹೋಗುವುದು ಎಂದು ತೀರ್ಮಾನಿಸಿದ್ದೆ.

ಬಸ್ಸಿನಲ್ಲಿ ಅವಳು ನನ್ನ ಮಗ್ಗುಲಿಗೆ ಒರಗಿದಳು. ಸೀರೆಯ ಮೇಲಿಂದಲೇ ಬಿಸಿ ತಾಗುತ್ತಿತ್ತು.

"ದೊಡ್ಡಮ್ಮ, ನಾವ್ ಎಲ್ಲಿಗ್ ಹೋಪುದ್?"

"ನಿನ್ನಮ್ಮನ ಹತ್ರ."

ಅವಳು ನೆಟ್ಟಗೆ ಕೂತಳು. "ಬ್ಯಾಡ. ಅಲ್ಲಿಗ್ ಹೋರೆ ಅಮ್ಮನಿಗ್ ಬೈತ್ರ್. ನನ್ನ ಶಾಲಿಗ್ ಬಿಡಿ. ನಾನ್ ಬೆಂಚಿಗ್ ತಲಿ ಇಟ್ಕಂಡ್ ಇರ್ತೆ. ಯಾರಿಗೂ ಹೇಳ್ತಿಲ್ಲೆ."

ನಾನು ಕಂಡಕ್ಟರಿಗೆ ಕುಂದಾಪುರದ ಟಿಕೆಟು ಕೇಳಿದೆ. ಕರಗುವ ಹೊತ್ತಲ್ಲ ಅದು.

ಬಟ್ಟೆ ಅಂಗಡಿಯ ಒಳಗೆ ಎ.ಸಿ.ಯ ಚಳಿ. ಯಾವುದೋ ಮದುವೆ ಮನೆಯವರು ಚಾಪೆಯ ತುಂಬ ಸೀರೆ ಹರಡಿಸಿಕೊಂಡು ಕೂತಿದ್ದರು, ಎದುರಿಗೆ ಹುಡುಗಿಯ ತಾಯಿ ನಗುತ್ತ ಸೆರಗು ಬಿಡಿಸುತ್ತಿದ್ದಳು. ಮಗಳನ್ನು ಕಂಡದ್ದೇ ಅವಳ ಕಣ್ಣು ಮೊದಲು ಹೋದದ್ದು ಮಗಳ ಮುಖಕ್ಕಲ್ಲ, ಗಾಜಿನ ಕೋಣೆಯಲ್ಲಿ ಕೂತ ಮ್ಯಾನೇಜರನ ಕಡೆಗೆ. ಅದನ್ನು ನಾನು ನೋಡಿದೆ. ನೋಡಿಯೂ ಸಿಟ್ಟು ಇಳಿಯಲಿಲ್ಲ.

"ನಿಮ್ಮ ಮಗು. ಹಿಡ್ಕಣಿ," ಎಂದೆ, ಮದುವೆ ಮನೆಯವರಿಗೂ ಕೇಳುವ ಹಾಗೆ. "ನಂಗೂ ಕೆಲ್ಸ ಇತ್ತ್."

ಅವಳು ಮಗುವಿನ ರಟ್ಟೆ ಹಿಡಿದು ಸರಕ್ಕನೆ ಕೌಂಟರಿನ ಹಿಂದಕ್ಕೆ ಎಳೆದುಕೊಂಡಳು. ಸೀರೆ ಬಂದ ಪ್ಲಾಸ್ಟಿಕ್ ಕವರುಗಳ ರಾಶಿ ಅಲ್ಲಿತ್ತು; ಅದರ ಮೇಲೆ ಕೂರಿಸಿ, ಬಾಯಿಗೆ ಬೆರಳಿಟ್ಟು ತೋರಿಸಿದಳು. ಹುಡುಗಿ ಬಾಯಿ ಮುಚ್ಚಿದಳು. ನನ್ನ ಮನೆಯಲ್ಲಿ ಎಷ್ಟು ಗದರಿಸಿದರೂ ಮುಚ್ಚದ ಬಾಯಿ. ಗಾಜಿನ ಕೋಣೆಯ ಬಾಗಿಲು ತೆರೆಯುವ ಸದ್ದಾದಾಗ ನಾನು ಮೆಟ್ಟಿಲು ಇಳಿಯುತ್ತಿದ್ದೆ. ಮಧ್ಯಾಹ್ನಕ್ಕೆ ಮೊದಲೇ ಬ್ರಹ್ಮಾವರದ ಕೋಣೆಯ ಬೀಗದಕೈ ನನ್ನ ಚೀಲದೊಳಗಿತ್ತು.

ಅಲ್ಲಿಗೆ ಪಕ್ಕದ ಮನೆಯ ಮಾತುಕತೆ ನಿಂತಿತು. ಓಣಿಯೂ ಅವಳ ಪಕ್ಷವನ್ನೇ ಹಿಡಿಯಿತು. ನನಗೆ ಕರುಳಿಲ್ಲವಂತೆ, ಹೆತ್ತಿದ್ದರಲ್ಲವೇ ತಿಳಿಯುವುದು ಎಂದರಂತೆ. ಅಷ್ಟು ವರ್ಷ ಅವರ ಮಕ್ಕಳ ವಾಂತಿ ಬಳಿದದ್ದು ಯಾವ ಕರುಳು ಎಂದು ಕೇಳಬೇಕಿತ್ತು. ಕೇಳಲು ಯಾರೂ ಎದುರಿಗೆ ಬರಲಿಲ್ಲ. ಯಂತ್ರ ಟೆಂಪೋ ಹತ್ತಿ ಬ್ರಹ್ಮಾವರಕ್ಕೆ ಹೋಯಿತು. ನಾನು ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದೆ. ಜಗಲಿ ಖಾಲಿ. ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಂಗಡಿಯಲ್ಲಿ ಹೆಂಗಸರು ಕೂತು ಕಾಯುತ್ತಿದ್ದರು, ನನ್ನ ಹೊತ್ತು ಕೇಳಿಕೊಂಡು ಬರುತ್ತಿದ್ದರು.

ಸ್ಕೂಲ್ ಡೇಗೆ ಕೆಲವೇ ದಿನಗಳಿದ್ದಾಗ, ಒಂದು ಭಾನುವಾರ ಸಂಜೆ, ಪಕ್ಕದ ಮನೆಯವಳು ಮಗಳ ಜೊತೆ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಮಿಂಚುವ ಬಟ್ಟೆಯ ಕವರು. ಕುಂದಾಪುರದಲ್ಲಿ ಟೈಲರುಗಳಿಗೇನು ಬರವೇ? ನನಗೆ ತೋರಿಸಲೆಂದೇ ಬಂದದ್ದು. ಮನೆಗೆ ಬರಲು ಬಿಗುಮಾನ, ಅಂಗಡಿಗಾದರೆ ಗಿರಾಕಿಯಾಗಿ ತಲೆ ಎತ್ತಿಕೊಂಡು ಬರಬಹುದು.

"ಇದಕ್ಕೊಂದ್ ಫ್ರಾಕ್ ಆಯ್ಕ್. ಸ್ಟೇಜಿಗ್ ಹತ್ತುಕಿತ್ತ್," ಎಂದಳು. "ಈ ವರ್ಷ ಒಂದ್ ದಿನವೂ ಶಾಲಿ ತಪ್ಸ್ಲಿಲ್ಲೆ. ನನ್ನನ್ನೂ ಕರೀತ್ರ್ ಅಂಬ್ರ್."

"ಒಂದ್ ದಿನವೂ? ಆ ಬುಧವಾರ ಎಂತಾಯ್ತ್?"

"ಮಧ್ಯಾಹ್ನ ಮೇಲೆ ಅಂಗ್ಡಿಯವ್ರೇ ಆಟೋ ಮಾಡಿ ಶಾಲಿಗ್ ಬಿಟ್ಟ್ ಬಂದ್ರ್. ಅರ್ಧ ದಿನ ಬಂದ್ರೂ ಹಾಜರಿ ಆತ್ತ್."

"ಅದ್ರ್ ಮೇಲೆ ಜ್ವರವೇ ಬರ್ಲಿಲ್ಯಾ?"

"ಬಪ್ಪುದೆಲ್ಲ ಬಂತ್." ಅವಳು ನನ್ನ ಮುಖವನ್ನೇ ನೋಡಿ ಹೇಳಿದಳು. "ಬೆಳಿಗ್ಗೆ ಸಿರಪ್ ಕುಡ್ಸಿ ವ್ಯಾನ್ ಹತ್ಸ್ತಿದ್ದೆ. ಮಧ್ಯಾಹ್ನದ ವರಿಗೆ ಜ್ವರ ಇಳ್ದಿರ್ತಿತ್ತ್."

"ಮತ್ತೆ?"

"ಮತ್ತೆ ಎಂತ? ಶಾಲಿಯಗೇ ಇರತ್ತಲೆ."

ನಾನು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡೆ. ಸ್ವಲ್ಪ ಎತ್ತರವಾಗಿದ್ದಳು. ಭುಜದ ಅಳತೆ ಬರೆದುಕೊಂಡೆ. ಕೈ ಎತ್ತು ಎಂದೆ, ಎತ್ತಿದಳು. ಎದೆಯ ಅಳತೆಗೆ ಟೇಪು ಸುತ್ತಿದಾಗ ಕಂಕುಳ ಬಿಸಿ ನನ್ನ ಬೆರಳಿಗೆ ತಾಗಿತು. ಆ ಬಿಸಿಯ ಪರಿಚಯ ನನಗೆ ಚೆನ್ನಾಗಿಯೇ ಇತ್ತು.

"ಇದಕ್ಕ್ ಈಗ್ಳೂ ಜ್ವರ ಇತ್ತಲೆ," ಎಂದೆ.

"ಗೊತ್ತಿತ್ತ್," ಎಂದಳು ತಾಯಿ. ಸ್ವರದಲ್ಲಿ ಬಂದಾಗಿನ ಜಂಬ ಇರಲಿಲ್ಲ. "ನಾಳೆ ಸೋಮವಾರ. ಎಲ್ ಬಿಡುದ್, ನೀವೇ ಹೇಳಿ. ನಿಮ್ಮನಿ ಬಾಗ್ಲ್ ಹಾಕಿರ್ತಲೆ."

ಇವಳಿಗೆ ಹೇಳಬೇಕೆಂದು ತಿಂಗಳುಗಟ್ಟಲೆ ಬಸ್ಸಿನಲ್ಲಿ ಕೂತು ಜೋಡಿಸಿಟ್ಟ ಮಾತುಗಳು ನನ್ನಲ್ಲಿದ್ದವು. ಅವನ್ನು ಬಿಟ್ಟು ಎದೆಯ ಅಳತೆ ಬರೆದುಕೊಂಡೆ. ಹಾಗೆಂದು ಸಿಟ್ಟು ಹೋಗಲಿಲ್ಲ. ಅವಳ ಮೇಲಿತ್ತು, ಆ ಗಾಜಿನ ಕೋಣೆಯವನ ಮೇಲಿತ್ತು, ಕೈಮುಗಿದ ಚಿತ್ರ ಕಳಿಸುವ ಶಾಲೆಯ ಮೇಲಿತ್ತು, ಹಲ್ಲು ಎಣಿಸುವ ಅಪ್ಪನ ಮೇಲೂ ಇತ್ತು. ಈ ಅಂಗಡಿಯನ್ನು ನಾನು ಬಿಡುವವಳಲ್ಲ. ನನ್ನ ಜಗಲಿಯೊಂದು ಮುಚ್ಚಿದರೆ ಇಡೀ ಊರಿನಲ್ಲಿ ಒಂದು ಮಗುವಿಗೆ ಜ್ವರ ಬಂದು ಮಲಗಲು ಜಾಗವಿಲ್ಲ ಎಂದಾದರೆ ಅದಕ್ಕೆ ನಾನು ಹೊಣೆಯೇ?

ಕೇಳಬೇಕಾದವರು ಯಾರೂ ಅಲ್ಲಿರಲಿಲ್ಲ. ನಾನು ಬಗ್ಗಿ ಸೊಂಟದ ಅಳತೆ ತೆಗೆದೆ.

"ತಲಿ ನೋಯ್ತಾ?" ಎಂದು ಮೆಲ್ಲಗೆ ಕೇಳಿದೆ.

"ಇಲ್ಲೆ."

"ಕಾಲ್?"

"ಇಲ್ಲೆ ದೊಡ್ಡಮ್ಮ. ನಂಗ್ ಎಂತ ಆಯ್ಲಿಲ್ಲೆ."

ಟೇಪು ಸುತ್ತಿ ಮೇಜಿನ ಮೇಲಿಟ್ಟೆ. ಅಳತೆ ಮುಗಿದಿತ್ತು. ಇಳಿಸು ಎಂದು ನಾನು ಹೇಳಿರಲಿಲ್ಲ, ಅವಳು ಕೈ ಇನ್ನೂ ಎತ್ತಿಕೊಂಡೇ ನಿಂತಿದ್ದಳು.