ಅಮ್ಮನ ಹೆಣಿಗೆ ಬಿಚ್ಚಿದ ದಿನ

ಹಳೆಯ ಸ್ವೆಟರಿನ ಹೊಲಿಗೆಗೆ ಕತ್ತರಿ ಹಾಕಬೇಕು ಅನ್ನುವಷ್ಟರಲ್ಲಿ ನನ್ನ ಕೈ ನಿಂತಿತು. ಕಂಕುಳ ಒಳಗಡೆ, ಹಳದಿ ಉಣ್ಣೆಯ ನಡುವೆ ಒಂದೇ ಒಂದು ಕಪ್ಪು ಎಳೆ. ಮಗುವಿಗೆ ದೃಷ್ಟಿ ತಾಗದಿರಲೆಂದು ಹೀಗೆ ಮರೆಯಲ್ಲಿ ಕಪ್ಪು ಸೇರಿಸಿ ಹೆಣೆದು ಮಾರುತ್ತಿದ್ದವಳು ನಮ್ಮಮ್ಮ. ಅವಳು ಹೋಗಿ ಎಷ್ಟೋ ವರ್ಷವಾಯಿತು.

ಪಾಂಡವಪುರದ ಮನೆಯಲ್ಲೇ ನಾನು ಹೆಣೆದು ಮಾರುವ ಸ್ವೆಟರುಗಳನ್ನೆಲ್ಲ ತಿರುವಿ ನೋಡಿದ ತೊಣ್ಣೂರಿನ ಅಜ್ಜಿ ಒಂದನ್ನೂ ಕೊಂಡಿರಲಿಲ್ಲ. ಎಳೆಗೂಸಿಗೆ ಮೊದಲು ಹಳೆಯದನ್ನೇ ತೊಡಿಸಬೇಕಂತೆ. ತಮ್ಮ ಮಗ ಶಾಲೆಗೆ ಹಾಕಿಕೊಂಡು ಮೊಣಕೈ ಹರಿದಿದ್ದ ಇದನ್ನು ಬಿಚ್ಚಿ, ಅದೇ ನೂಲಿನಲ್ಲಿ ಮೊಮ್ಮಗಳಿಗೆ ಹೆಣೆದುಕೊಡು ಅಂದಿದ್ದರು.

"ಅಜ್ಜಿ, ಇದು ನಮ್ಮವ್ವನ ಕೈ ಹೆಣಿಗೆ. ಕೂಸಿಗೆ ಬೇರೆ ಕೊಡ್ತೀನಿ, ಇದ ನಂಗೆ ಬುಟ್ಬುಡಿ" ಅಂದೆ, ಎದುರಿಗೇ ಕೂತಿದ್ದ ಅವರಿಗೆ.

"ಗೊತ್ತು ಕಣವ್ವ, ಅದ್ಕೇ ನಿನ್ನತ್ರ ತಂದಿದ್ದು. ಪೆಟ್ಟಿಗೇಲಿ ಮಡಗಿದ್ರೆ ಹುಳ ತಿಂತದೆ. ಕೂಸಿನ ಮೈಮೇಲಿದ್ರೆ ಇನ್ನೊಂದು ಕಾಲ ಬಾಳ್ತದೆ. ಬಿಚ್ಚು."

ಬಿಚ್ಚಿದೆ. ನೂಲು ನೇರವಾಗಿ ಬರಲಿಲ್ಲ, ಅಮ್ಮನ ಬೆರಳು ತಿರುವಿದ ಹಾಗೇ ಸುರುಳಿ ಸುರುಳಿಯಾಗಿ ಬಂತು. ಬಿಸಿನೀರಿಗೆ ಹಾಕಿದರೆ ಅದು ನೆಟ್ಟಗಾಗುತ್ತದೆ. ಹಾಕುವ ಮೊದಲು ತುಂಬ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.