ಜ್ವರಕ್ಕೆ ಕೂತ ಹುಳುವೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚು ನನ್ನಲ್ಲಿ ಬಲು ಬೇಗ ಹೊತ್ತಿಕೊಳ್ಳುತ್ತದೆ. ಸೌದೆ ಒಣಗಿರಬೇಕೆಂದೇನೂ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಗೆಳೆಯ ಶಿವಣ್ಣನನ್ನು ಸೂಲಿಬೆಲೆಯ ದೊಡ್ಡಮ್ಮನ ಮನೆಗೆ ಕರೆದೊಯ್ದು ನಾನೇ ಅದಕ್ಕೆ ಗಾಳಿ ಹಾಕಿಕೊಂಡೆ. ಒಂದೇ ಬೆಂಚಿನಲ್ಲಿ ಪ್ರಾಣಿಶಾಸ್ತ್ರ ಓದಿದವರು ನಾವು. ನಾನು ಹೊಸಕೋಟೆಯಲ್ಲಿ ಕಪ್ಪೆ ಕೊಯ್ಯಿಸುವ ಮೇಷ್ಟ್ರಾದೆ. ಅವನು ಬೆಂಗಳೂರಿನ ಪ್ರಯೋಗಾಲಯ ಸೇರಿದ.

ದೊಡ್ಡಮ್ಮ ರೇಷ್ಮೆ ಸಾಕುತ್ತಿದ್ದಳು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ಸಾಕುವ ಬಿದಿರು ತಟ್ಟೆಯ ಹುಳುವೆಲ್ಲ ಜ್ವರದಿಂದ ಎದ್ದ ಮೇಲೆಯೇ ಹಿಪ್ಪುನೇರಳೆ ಸೊಪ್ಪು, ಮೊದಲೆದ್ದವು ಕಾಯಬೇಕು. ಇಲ್ಲವಾದರೆ ಕೆಲವು ಗೂಡು ಕಟ್ಟುವಾಗ ಕೆಲವು ಇನ್ನೂ ಮೇಯುತ್ತಿದ್ದು, ತಿಂಗಳ ದುಡಿಮೆ ಏರುಪೇರಾಗುತ್ತದೆ.

ಶಿವಣ್ಣ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಮಣ್ಣಲ್ಲೂ ಒಂದು ಸಣ್ಣ ಹುಳ ಐತಮ್ಮ, ನಾಲ್ಕು ಸಲ ಪೊರೆ ಬಿಡ್ತದೆ. ಅದರೊಳಗೆ ಒಂದು ಪುಟಾಣಿ ಆರ್‌ಎನ್‌ಎ. ತಾನು ಏನೂ ತಯಾರು ಮಾಡಲ್ಲ. 'ಈ ಹಂತ ಸಾಕು, ಮುಂದಕ್ಕೆ ನಡಿ' ಅಂತ ಬೇರೆ ಜೀನುಗಳ ಬಾಯಿ ಮುಚ್ಚಿಸ್ತದೆ, ಅಷ್ಟೆ."

"ನಮ್ಮ ಹುಳದಾಗೂ ಐತಾ?"

"ಗೊತ್ತಿಲ್ಲಮ್ಮ. ಸದ್ಯಕ್ಕೆ ಅದರಲ್ಲೇ ಸಿಕ್ಕಿರೋದು."

ದೊಡ್ಡಮ್ಮ ನನ್ನತ್ತ ತಿರುಗಿದಳು. "ನೋಡ್ಲಾ, ಗೊತ್ತಿಲ್ಲ ಅಂತ ಎಷ್ಟು ಚೆಂದಾಗಿ ಹೇಳ್ತಾರೆ! ನೀನೂ ಇದೀಯ, ಕೇಳಿದ್ದಕ್ಕೆಲ್ಲ ಗೊತ್ತು ಅಂತೀಯ."

ಆಮೇಲಿನ ವರ್ಷಗಳಲ್ಲಿ ಅಂಥ ಪುಟಾಣಿ ಆರ್‌ಎನ್‌ಎಗಳು ನೊಣದಲ್ಲಿ, ಮೀನಿನಲ್ಲಿ, ನಮ್ಮಲ್ಲೂ ಸಿಕ್ಕವು. ಅವುಗಳಲ್ಲಿ ಬೆಳವಣಿಗೆಯ ಕಾಲ ಹೇಳುವ ಒಂದನ್ನು ಜೆಲ್ಲಿಮೀನಿನಲ್ಲಿ ಹುಡುಕಿದರೆ ಕಾಣಲಿಲ್ಲವಂತೆ. ಪ್ರಾಣಿಗಳ ವಂಶ ಕವಲು ಒಡೆದಂತೆಲ್ಲ ಹೊಸವು ಸೇರಿಕೊಳ್ಳುತ್ತವೆ. ಒಮ್ಮೆ ನೆಲೆಯೂರಿದವು ಸುಲಭಕ್ಕೆ ಜಾಗ ಖಾಲಿ ಮಾಡುವುದಿಲ್ಲ. ಹೊಟ್ಟೆಕಿಚ್ಚಿನ ವಂಶಾವಳಿಯೂ ಹೀಗೇ ಇರಬೇಕು.

ಮರುದಿನ ದೊಡ್ಡಮ್ಮ ತೋಟಕ್ಕೆ ಹೋಗಿದ್ದಳು. ತಟ್ಟೆಯಲ್ಲಿ ನಾಲ್ಕಾರು ಹುಳು ಮಾತ್ರ ಎದ್ದಿದ್ದವು. ನಿಯಮ ನನಗೂ ಗೊತ್ತಿತ್ತು. ಆದರೆ ಅವಳ ಬಾಯಲ್ಲಿ ಒಂದು ಭೇಷ್ ಬೇಕಾಗಿದ್ದವನ ಕಣ್ಣಿಗೆ ತಟ್ಟೆಯೇ ಎದ್ದು ಕೂತಂತೆ ಕಂಡಿತು. ಸೊಪ್ಪು ಹರಡಿಬಿಟ್ಟೆ. ತೋಟದಿಂದ ಬಂದ ದೊಡ್ಡಮ್ಮ ತಟ್ಟೆ ನೋಡಿದಳು.

"ಲೇ ಮುಂಡೇದೆ, ಎದ್ದೋರಿಗೆ ಮುದ್ದೆ ಇಕ್ಕಿ ಮಲಗಿರೋರ್ನ ಉಪಾಸ ಕೆಡವ್ತೀಯೇನ್ಲಾ? ಮೇಷ್ಟ್ರಂತೆ ಮೇಷ್ಟ್ರು!"

ಸೊಪ್ಪಿಗೆ ಹತ್ತಿದ ಹುಳುಗಳನ್ನು ಎಲೆ ಸಮೇತ ಎತ್ತಿ ಬೇರೆ ತಟ್ಟೆಗೆ ಬಿಡುತ್ತ ಕೂತೆವು. ಎರಡು ಪಾಲಾದರೂ ಬೆಳೆ ಉಳಿಯಿತು. ಬೈಗುಳ ಮಾತ್ರ ನಿಲ್ಲಲಿಲ್ಲ. ಶಿವಣ್ಣನಿಗೆ, "ನೀವ್ ಬುಡಿ ಸ್ವಾಮಿ, ಕೈ ಅಂಟಾಗ್ತದೆ."

ಅವನು ನನ್ನ ಕಿವಿಯಲ್ಲಿ ಕೇಳಿದ, "ಅಲ್ಲ ಗುರು, ನಿಂಗೆ ಯಾವಾಗ್ಲೂ ಹಿಂಗೇ ಬೈತಾರಾ?"

"ಹೂಂ ಕಣೋ."

"ನಂಗಿನ್ನೂ ಸ್ವಾಮಿ ಅಂತಾನೇ ಅಂತಾರೆ." ದನಿ ಸಣ್ಣಗಾಗಿತ್ತು.

ನನಗಾದ ಆನಂದಕ್ಕೆ ಮಿತಿಯಿಲ್ಲ. ಆದರೂ ಪಾಪ ಅನ್ನಿಸಿತು. ಒಂದು ತಟ್ಟೆ ಅವನ ಕೈಗೆ ಕೊಟ್ಟು, "ಎರಡು ಹುಳ ಕೆಳಕ್ಕೆ ಬೀಳ್ಸು, ನಿಂಗೂ ಬೈತಾರೆ" ಅಂದೆ.