ಎಂಟೆಳೆಯ ಗೋಡೆ

ಕಾವಲಿಯ ಮೇಲೆ ದೋಸೆ ಹೊಯ್ದು, ಅದು ಬೇಯುವಷ್ಟರಲ್ಲಿ ಒಮ್ಮೆ ಫೋನು ನೋಡಿಬಿಡೋಣ ಎನ್ನುವ ಚಟ ನನ್ನದು. ನನ್ನ ಮನೆಯಲ್ಲಿ ದೋಸೆ ಸೀಯುವುದು ಅದರಿಂದಲೇ. ಆವತ್ತು ಸೀದದ್ದಕ್ಕೆ ಮಾತ್ರ ಘನವಾದ ಕಾರಣವಿತ್ತು. ಯಾವುದೋ ದೂರದೇಶದ ಪುಣ್ಯಾತ್ಮನೊಬ್ಬ ನೂರಾರು ಬ್ರೆಡ್ಡಿನ ಹೋಳುಗಳ ಮೇಲೆ ಕುದುರೆಯ ಆಕಾರ ಸುಟ್ಟು, ಒಂದೊಂದರ ಫೋಟೋ ತೆಗೆದು, ಎಲ್ಲವನ್ನೂ ಸರಸರನೆ ಓಡಿಸಿದ್ದ. ಬ್ರೆಡ್ಡಿನೊಳಗೆ ಕುದುರೆ ನಾಗಾಲೋಟದಲ್ಲಿತ್ತು. ನಾನು ಬಾಯಿ ಬಿಟ್ಟು ನೋಡುತ್ತ ನಿಂತಿದ್ದರೆ ಇತ್ತ ಅಡುಗೆಮನೆ ತುಂಬ ಹೊಗೆ.

ಇಂಥ ಸುದ್ದಿಗಳು ನನ್ನ ನೆಮ್ಮದಿ ಕೆಡಿಸುತ್ತವೆ. ಒಬ್ಬಳು ಒಣಗಿದ ಎಲೆಗಳನ್ನು ಕತ್ತರಿಸಿ ಹಕ್ಕಿ ಹಾರಿಸುತ್ತಾಳೆ, ಇನ್ನೊಬ್ಬ ಹಳೆಯ ಗುಂಡಿಗಳನ್ನು ಜೋಡಿಸಿ ಮುದುಕನನ್ನು ನಡೆಸುತ್ತಾನೆ. ನಾನೋ, ಶಿರಸಿಯ ಅಂಗಡಿಯೊಂದರ ಮಾಳಿಗೆಯಲ್ಲಿ ಕೂತು ಮಕ್ಕಳ ಪತ್ರಿಕೆಗೆ ಚಿತ್ರಕಥೆ ಬರೆಯುವವಳು. ಹದಿನೈದು ವರ್ಷದಿಂದ ಅದೇ ಮೊಲ, ಅದೇ ನರಿ, ಅದೇ ಮಾತಿನ ಗುಳ್ಳೆ. ನೀವೇ ಹೇಳಿ, ಊರಿನವರೆಲ್ಲ ಬಸ್ಸು ಹತ್ತಿ ಹೋದಮೇಲೂ ನಿಲ್ದಾಣದಲ್ಲೇ ಕೂತವಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ನನಗಂತೂ ಉರಿಯಿತು.

ಹಾಗೆ ಉರಿಯುತ್ತಿದ್ದಾಗಲೇ ನಿಲ್ಕುಂದದ ಕಡೆಯಿಂದ ಬಂಗಾರತ್ತೆಯ ಫೋನು ಬಂತು. ಅವಳು ಅಪ್ಪನ ತಂಗಿ. ಮಗಳು ಸುಮಳ ಮದುವೆಗೆ ಹಸೆಗೋಡೆಯ ಚಿತ್ತಾರ ಶುರುಮಾಡುತ್ತೇನೆ, ನಾಲ್ಕು ದಿನ ಮೊದಲೇ ಬಾ ಎಂದಳು. ಮದುಮಕ್ಕಳನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯನ್ನು ಪುಂಡಿನಾರಿನ ಕುಂಚದಲ್ಲಿ ಅದ್ದಿ ಬರೆಯುವ ಈ ಚಿತ್ತಾರಕ್ಕೆ ಅವಳದು ಸುತ್ತಲಿನ ಕೇರಿಗಳಲ್ಲಿ ದೊಡ್ಡ ಹೆಸರು. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಗಳಿಸಿದ್ದೆಲ್ಲ ಮನೆಗೆ ಹೋಯಿತು, ಈ ಹೆಸರೊಂದು ನನ್ನದು ಎಂದು ಅವಳೇ ಆಗಾಗ ಹೇಳುತ್ತಿದ್ದಳು. ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಒಂದೊಂದು ಗೆರೆಗೂ ಒಂದೊಂದು ಫೋಟೋ ತೆಗೆದರೆ ಗೋಡೆ ತನ್ನನ್ನು ತಾನೇ ಬರೆದುಕೊಳ್ಳುತ್ತದೆ; ಆಮೇಲೆ ಕಂಪ್ಯೂಟರಿನಲ್ಲಿ ಚಿತ್ತಾರದ ಮದುಮಕ್ಕಳು ಚೌಕಟ್ಟಿನಿಂದ ಇಳಿದು ನಡೆದುಬಿಡುತ್ತಾರೆ. ಬ್ರೆಡ್ಡಿನ ಕುದುರೆ ಇದರ ಮುಂದೆ ಯಾವ ಲೆಕ್ಕ! ಕ್ಯಾಮೆರಾ, ಲ್ಯಾಪ್‌ಟಾಪು ಹೊತ್ತು ಸಿದ್ದಾಪುರದ ಬಸ್ಸು ಹತ್ತಿದೆ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮದುವೆಯ ಚೌಕಟ್ಟಿಗೆ ಒಂಬತ್ತು ಎಳೆ ಗೆರೆ. ಅತ್ತೆ ಅದನ್ನು ಎಣಿಸುವುದು ಅಂಕಿಯಲ್ಲಿ ಅಲ್ಲ, ಹಾಡಿನಲ್ಲಿ. ಒಂದೊಂದು ಎಳೆಗೆ ಒಂದೊಂದು ನುಡಿ. ಬಾಯಿ ಹಾಡುತ್ತ ಹೋದಂತೆ ಕೈ ಎಳೆಯುತ್ತ ಹೋಗುತ್ತದೆ, ನುಡಿ ಮುಗಿದಲ್ಲಿ ಎಳೆಯೂ ಮುಗಿಯುತ್ತದೆ. ಅವಳ ಅಮ್ಮ ಕಲಿಸಿದ್ದು ಹಾಗೆ. ನಾನೋ ಗೇಣಿಗೊಮ್ಮೆ ನಿಲ್ಲಿಸು ಎನ್ನುತ್ತಿದ್ದೆ, ಕೈ ತೆಗೆ ಎನ್ನುತ್ತಿದ್ದೆ, ನೆರಳು ಬೀಳುತ್ತದೆ, ಪಕ್ಕಕ್ಕೆ ಸರಿ ಎನ್ನುತ್ತಿದ್ದೆ. ಅವಳು ಹಾಡು ನುಂಗಿಕೊಂಡು ಸರಿಯುವಳು, ಫೋಟೋ ಆದಮೇಲೆ ಎಲ್ಲಿದ್ದೆನಪ್ಪಾ ಎಂದು ತುಟಿ ಅಲುಗಿಸುತ್ತ ಮತ್ತೆ ಹಿಡಿಯುವಳು. ಗೋಡೆ ಮುಗಿಯುವವರೆಗೆ ಎರಡು ದಿನ ಹೀಗೆ ಅವಳ ಪ್ರಾಣ ತಿಂದೆ. ಒಮ್ಮೆಯೂ ಸಿಡುಕಲಿಲ್ಲ, ಅಣ್ಣನ ಮಗಳಿಗೆ ಏನೋ ಒಳ್ಳೆಯದಾಗುತ್ತದಂತೆ ಎಂದು ಬಂದವರಿಗೆಲ್ಲ ಹೇಳಿಕೊಂಡಳು.

ತಡೆದುಕೊಳ್ಳುವ ಗುಣ ನನ್ನ ಜಾತಕದಲ್ಲಿಲ್ಲ. ಮೂರನೆಯ ದಿನ ಊಟವನ್ನೂ ಬಿಟ್ಟು ಅಲ್ಲೇ ಜಗಲಿಯಲ್ಲಿ ಕೂತು ಚಿತ್ರ ಜೋಡಿಸಿದೆ. ಕೊನೆಯಲ್ಲಿ ‘ಚಿತ್ತಾರ: ಬಂಗಾರಮ್ಮ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದೆ, ದೂರದ ಊರಿನ ಚಿತ್ರೋತ್ಸವವೊಂದಕ್ಕೆ ಕಳಿಸಿದೆ, ನನ್ನ ಪುಟದಲ್ಲೂ ಏರಿಸಿದೆ. ಸಂಜೆಯೊಳಗೆ ಗುರುತಿಲ್ಲದವರೆಲ್ಲ ಹೊಗಳತೊಡಗಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ, ನಾಳೆ ಮದುವೆ ಎನ್ನುವಾಗ, ಅತ್ತೆ ಗೋಡೆಯ ಮುಂದೆ ನಿಂತು ಮೊದಲಿಂದ ಹಾಡುತ್ತ ಎಳೆಯ ಮೇಲೆ ಬೆರಳಾಡಿಸಿದಳು. ಗೆರೆ ಮುಗಿಯಿತು, ಹಾಡು ಉಳಿಯಿತು. ಮತ್ತೊಮ್ಮೆ ಹಾಡಿದಳು. ಮತ್ತೆ ಒಂದು ನುಡಿ ಮಿಕ್ಕಿತು. ಅವಳ ಮುಖ ಸುಣ್ಣದಂತಾಯಿತು. ನಾನು ಸಂದಿಯಲ್ಲೆಲ್ಲಾದರೂ ಒಂದು ಗೆರೆ ಸೇರಿಸಿದರಾಯಿತು ಎಂದೆ. ಅವಳು ಕೆಮ್ಮಣ್ಣಿನ ಬೋಗುಣಿ ತಂದು ಇಡೀ ಗೋಡೆಗೆ ಬಳಿದಳು. ಮದುಮಗಳು, ದಂಡಿಗೆ-ಪಲ್ಲಕ್ಕಿ, ಕೋಳಿ, ಬಾಸಿಂಗ ಎಲ್ಲ ಕೆಂಪಿನೊಳಗೆ ಹೋದವು. ಮಣ್ಣು ಆರಿದ ಕೂಡಲೇ ಕೂತವಳು ಹಾಡು ಎತ್ತಿದಳು, ಎಲ್ಲೂ ನಿಲ್ಲಿಸಲಿಲ್ಲ, ನೀರೂ ಕೇಳಲಿಲ್ಲ. ಗೆರೆ ಒಂದೇ ಉಸಿರಿನಲ್ಲಿ ಓಡುತ್ತಿತ್ತು. ಅದು ನನ್ನ ಚಿತ್ರದಲ್ಲಿ ಕುಂಟುತ್ತಿತ್ತು ಎನ್ನುವುದು ನನಗೆ ಆಗ ಕಂಡಿತು. ಕ್ಯಾಮೆರಾ ತೆಗೆಯಲು ನಾಚಿಕೆಯಾಗಿ ಹಿಟ್ಟು ಕಲಸಿಕೊಡುತ್ತ ಕೂತೆ.

ಮದುವೆ ಚೆನ್ನಾಗಿಯೇ ಆಯಿತು. ಗಂಡಿನ ಕಡೆಯ ಹೆಂಗಸರು ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ತಿಂಗಳು ಕಳೆದು ಚಿತ್ರೋತ್ಸವದವರ ಪತ್ರವೂ ಬಂತು, ನನ್ನ ಚಿತ್ರ ಆಯ್ಕೆಯಾಗಿತ್ತು. ಅಲ್ಲಿಯವರೆಗೆ ಅತ್ತೆಗೆ ಅದನ್ನು ತೋರಿಸದೆ ನುಣುಚಿಕೊಂಡಿದ್ದೆ. ಸುದ್ದಿ ಕೇಳಿದವಳು, ತನ್ನ ಹೆಸರೂ ಇದೆಯಂತೆ ಎಂದು ಸಂಭ್ರಮಪಟ್ಟು, ತೋರಿಸು ಎಂದು ಬಲವಂತ ಮಾಡಿದಳು. ಹೋಗಿ ಫೋನಿನಲ್ಲಿ ತೋರಿಸಿದೆ. ಮದುಮಕ್ಕಳು ಗೋಡೆಯಿಂದ ಇಳಿದು ನಡೆದಾಗ ಮಗುವಿನ ಹಾಗೆ ನಕ್ಕಳು. ಎರಡನೆಯ ಸಲ ನೋಡುವಾಗ ಹಾಡು ಗುನುಗುತ್ತ ಗಾಜಿನ ಮೇಲೆ ಬೆರಳಿಟ್ಟಳು.

“ಇದ್ರಲ್ಲಿ ಎಂಟೇ ಅದೆ. ಇದ್ನ ಒರ್ಸಾಕೆ ಬರ್ತದೇನೆ?”

ಬರುತ್ತಿತ್ತು. ಬೆರಳಿನ ಒಂದು ಒತ್ತು, ಚಿತ್ರೋತ್ಸವಕ್ಕೆ ಎರಡು ಸಾಲಿನ ಕಾಗದ, ಅಷ್ಟೇ. ಹದಿನೈದು ವರ್ಷದ ಮೊಲ, ನರಿ ಎಲ್ಲ ನನ್ನ ಕಣ್ಣ ಮುಂದೆ ಬಂದು ಕೂತವು. ಬರುವುದಿಲ್ಲ, ಅದು ನನ್ನ ಕೈ ಬಿಟ್ಟು ಹೋಗಿದೆ ಎಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ಹಾಗೆಯೇ ಎಂದೆ. ಅತ್ತೆ ನಂಬಿದಳು. ಸೆರಗಿನಿಂದ ಫೋನು ಒರೆಸಿ ನನ್ನ ಕೈಗಿಟ್ಟಳು.

“ಹಂಗಾರೆ ನನ್ನ ಹೆಸ್ರಾದ್ರೂ ತೆಗಿಯೆ.”

ತೆಗೆದೆ. ಈಗ ಆ ಚಿತ್ರ ನನ್ನೊಬ್ಬಳ ಹೆಸರಿನಲ್ಲಿ ಓಡುತ್ತಿದೆ. ಎಂಥ ಗೋಡೆ, ಎಂಥ ಗೆರೆ ಎಂದು ದಿನಕ್ಕೊಬ್ಬರಾದರೂ ಬರೆಯುತ್ತಾರೆ, ನಾನು ಎಲ್ಲರಿಗೂ ಧನ್ಯವಾದ ಹೇಳುತ್ತೇನೆ.